ಮೂರು ತಿಂಗಳ ಅತ್ತಿಗೆ, ಏಳು ವರ್ಷದ ಅಪ್ಪ

ನಮ್ಮ ಅತ್ತಿಗೆಗೆ ನಲವತ್ತೊಂದನೆಯ ವಯಸ್ಸಿನಲ್ಲಿ ಒಂದು ಅಡ್ಡಹೆಸರು ಬಂತು. ಇಟ್ಟವರು ನಮ್ಮ ಅಪ್ಪ, ಅಂದರೆ ಅವರ ಮಾವ. "ಏ ಮೂರ್ ತಿಂಗ್ಳು, ಆ ಕಟಿಂಗ್ ಪ್ಲೇಯರ್ ಕೊಡು." "ಮೂರ್ ತಿಂಗ್ಳು ಎಲ್ಲಿ, ಇನ್ನೂ ಬಂದಿಲ್ವಾ?" ಸೊಸೆಯನ್ನು ಹಾಗೆಲ್ಲ ಕರೆಯುವುದು ಚೆನ್ನಾಗಿರುವುದಿಲ್ಲ ಅಂತ ನಾನು ಎಷ್ಟೋ ಸಲ ಹೇಳಿದೆ. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತಿಗೆಯಂತೂ "ಕರೀಲಿ ಬಿಡು, ಕರೆದಾಗೆಲ್ಲ ಏನೋ ಒಂದು ಕೆಲ್ಸ ಕೊಡ್ತಾರಲ್ಲ" ಅಂದು ನನ್ನ ಬಾಯಿ ಮುಚ್ಚಿಸಿದರು.

ಮೂರು ತಿಂಗಳು ಅಂದರೆ ಅತ್ತಿಗೆ ಮಾಡಿದ ಕೋರ್ಸು. ಬಸ್ ನಿಲ್ದಾಣದ ಹಿಂದೆ ಒಂದು ತರಬೇತಿ ಕೇಂದ್ರವಿದೆ, ಅಲ್ಲಿ ಮನೆ ವೈರಿಂಗ್ ಕಲಿಸುತ್ತಾರೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ಹಲಗೆಯ ಮೇಲೆ ಅಭ್ಯಾಸ, ಕೊನೆಗೊಂದು ಪರೀಕ್ಷೆ, ಒಂದು ಪ್ರಮಾಣಪತ್ರ. ಹತ್ತೊಂಬತ್ತು ಹುಡುಗರು, ಅತ್ತಿಗೆಯೊಬ್ಬರೇ ಹೆಂಗಸು. ಮೊದಲ ದಿನ ಇವರು ಒಳಗೆ ಕಾಲಿಟ್ಟ ತಕ್ಷಣ ಇಡೀ ತರಗತಿ ಎದ್ದು ನಿಂತು ಗುಡ್ ಮಾರ್ನಿಂಗ್ ಅಂದಿತಂತೆ, ಪಾಠ ಮಾಡಲು ಬಂದವರು ಅಂದುಕೊಂಡು. ಅತ್ತಿಗೆ ಒಂದು ಕ್ಷಣ ಗಂಭೀರವಾಗಿ ನೋಡಿ, "ಕೂತ್ಕೊಳಿ" ಅಂದು ಹಿಂದಿನ ಬೆಂಚಿಗೆ ಹೋಗಿ ಕೂತರಂತೆ.

ಅಪ್ಪ ಕಲಿತದ್ದು ಏಳು ವರ್ಷ. ಬೀದಿಯವರೆಲ್ಲ ಅಪ್ಪನನ್ನು ಮೇಸ್ತ್ರಿ ಅನ್ನುತ್ತಾರೆ, ಅಪ್ಪ ತಮ್ಮ ಗುರುವನ್ನು ದೊಡ್ಡ ಮೇಸ್ತ್ರಿ ಅನ್ನುತ್ತಾರೆ. ದೊಡ್ಡ ಮೇಸ್ತ್ರಿಯ ಕೈಕೆಳಗೆ ಮೊದಲ ವರ್ಷ ಪೂರ್ತಿ ಏಣಿ ಹಿಡಿದದ್ದು, ಎರಡನೆಯ ವರ್ಷ ಗೋಡೆ ಕೊರೆದದ್ದು, ಮೂರನೆಯ ವರ್ಷ ಪೈಪಿನೊಳಗೆ ವೈರು ಎಳೆದದ್ದು, ನಾಲ್ಕನೆಯ ವರ್ಷ ಕೊನೆಗೂ ಒಂದು ಸ್ವಿಚ್ಚು ಕೂರಿಸಿದ್ದು, ಇವೆಲ್ಲ ನನಗೆ ಬಾಯಿಪಾಠ. ದೊಡ್ಡ ಮೇಸ್ತ್ರಿ ಏನನ್ನೂ ಬಾಯಿಬಿಟ್ಟು ಹೇಳಿಕೊಡುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ ತಲೆಗೊಂದು ಮೊಟಕು. "ಮೊಟಕಿಸ್ಕೊಂಡು ಕಲ್ತಿದ್ದು ಸಾಯೋವರೆಗೂ ಮರೆಯಲ್ಲ" ಅನ್ನುವುದು ಅಪ್ಪನ ವಾದ. ಕನ್ನಡಕ ಎಲ್ಲಿಟ್ಟೆ ಅನ್ನುವುದನ್ನು ಮಾತ್ರ ಅವರು ದಿನಕ್ಕೆ ನಾಲ್ಕು ಸಲ ಮರೆಯುತ್ತಾರೆ. ಆ ವಿಷಯದಲ್ಲಿ ಯಾರೂ ಮೊಟಕಿಲ್ಲ ಅಂತ ಕಾಣುತ್ತದೆ.

ಅತ್ತಿಗೆ ಈ ಕಸುಬಿಗೆ ಬಂದದ್ದು ಸಿಟ್ಟಿನಿಂದ. ಮದುವೆಯಾಗಿ ಬಂದಾಗಿನಿಂದ ಅವರು ನಮ್ಮ ಮಹಡಿಯ ಕಿಟಕಿಯ ಪಕ್ಕ ಕೂತು ಬಟ್ಟೆ ಹೊಲಿಯುತ್ತಿದ್ದರು. ಒಂದು ದಿನ ಹೊಲಿಗೆ ಯಂತ್ರದ ಮೋಟಾರು ನಿಂತಿತು. ಮಾವನಿಗೆ ಹೇಳಿದರು. "ನಾಳೆ ನೋಡ್ತೀನಮ್ಮ" ಅಂದರು ಮಾವ. ಹೀಗೆ ಹನ್ನೊಂದು ನಾಳೆಗಳಾದವು. ಹನ್ನೆರಡನೆಯ ದಿನ ಅತ್ತಿಗೆ ತರಕಾರಿ ಚಾಕುವಿನ ತುದಿಯಲ್ಲಿ ಸ್ಕ್ರೂ ಬಿಚ್ಚಿ, ಮೋಟಾರಿನ ಹೊಟ್ಟೆ ಬಗೆದು, ಒಳಗೆ ಸವೆದುಹೋಗಿದ್ದ ಇದ್ದಿಲಿನಂಥ ಪುಟ್ಟ ತುಂಡೊಂದನ್ನು ಅಂಗೈಯಲ್ಲಿಟ್ಟುಕೊಂಡು ಕೆಳಗಿಳಿದು ಬಂದರು. ಕೆಳಗೆ ನಮ್ಮದೇ ಬಲ್ಬು, ವೈರು, ಸ್ವಿಚ್ಚುಗಳ ಸಣ್ಣ ಅಂಗಡಿ. ಅಲ್ಲಿ ಕೂರುವವಳು ನಾನು. "ಇಂಥದ್ದೇ ಒಂದು ಕೊಡು" ಅಂದರು. ಕೊಟ್ಟೆ. ಅರ್ಧ ಗಂಟೆಯಲ್ಲಿ ಮೇಲಿನಿಂದ ಯಂತ್ರದ ಸದ್ದು ಕೇಳಿಸಿತು. ಮೇಲೆ ಹೋಗಿ ನೋಡಿದರೆ ಅತ್ತಿಗೆ ಬಟ್ಟೆಯಿಲ್ಲದೆ ಬರಿಯ ಸೂಜಿ ಓಡಿಸುತ್ತ ಕೂತಿದ್ದರು, ಮುಖ ಇಷ್ಟಗಲ. ಮಗಳು ಹುಟ್ಟಿದಾಗಲೂ ಅಷ್ಟು ಸಂತೋಷ ಅವರ ಮುಖದಲ್ಲಿ ನಾನು ನೋಡಿರಲಿಲ್ಲ.

ಅಣ್ಣ ಈ ಕಥೆಯಲ್ಲಿ ಬರುವುದು ಕಮ್ಮಿ. ಹದಿನಾರು ವರ್ಷದವನಿದ್ದಾಗ ಅಪ್ಪನ ಜೊತೆ ಕೆಲಸಕ್ಕೆ ಹೋಗಿ ಒಂದು ಶಾಕ್ ಹೊಡೆಸಿಕೊಂಡವನು ಆಮೇಲೆ ಆ ಕಡೆ ತಲೆ ಹಾಕಲಿಲ್ಲ, ಲಾರಿ ಓಡಿಸುತ್ತಾನೆ. ಈಗಲೂ ಒಂದು ಬಲ್ಬ್ ಬದಲಾಯಿಸಬೇಕಾದರೆ ಅವನಿಗೆ ರಬ್ಬರ್ ಚಪ್ಪಲಿ ಬೇಕು, ಮರದ ಸ್ಟೂಲು ಬೇಕು, ಸ್ಟೂಲಿನ ಮೇಲೆ ಹತ್ತಲು ಹೆಂಡತಿ ಬೇಕು.

ಕೋರ್ಸು ಮುಗಿದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಪರವಾನಗಿ ಇರುವ ಹಳೆಯ ಕೆಲಸಗಾರರೊಬ್ಬರ ಕೈಕೆಳಗೆ ಒಂದು ವರ್ಷ ದುಡಿಯಬೇಕು. ಆಮೇಲೆ ಅವರು ಒಂದು ಫಾರಂನಲ್ಲಿ 'ಇವರು ಸ್ವತಂತ್ರವಾಗಿ ಕೆಲಸ ಮಾಡಲು ಸಮರ್ಥರು' ಅನ್ನುವ ಸಾಲಿನ ಕೆಳಗೆ ಸಹಿ ಹಾಕಬೇಕು. ಸಹಿ ಸಿಕ್ಕರೆ ಅತ್ತಿಗೆಗೆ ತಮ್ಮದೇ ಪರವಾನಗಿ, ತಮ್ಮ ಹೆಸರಿನಲ್ಲಿ ಕೆಲಸ. ಸಿಗದಿದ್ದರೆ ಜೀವಮಾನವೆಲ್ಲ ಇನ್ನೊಬ್ಬರ ಏಣಿ ಹಿಡಿಯುವುದೇ. ಹೇಳಿದ ತಾರೀಖಿನೊಳಗೆ ಫಾರಂ ಕೊಡದಿದ್ದರೆ ಪ್ರಮಾಣಪತ್ರವೂ ರದ್ದು, ಮತ್ತೆ ಆ ಹುಡುಗರ ಜೊತೆ ಮೊದಲಿನಿಂದ ಶುರು. ಪರವಾನಗಿ ಇರುವವರು ನಮ್ಮ ಮನೆಯಲ್ಲೇ ಇದ್ದರು, ಹೀಗಾಗಿ ಸಹಿಯದು ಏನು ಮಹಾ ಅಂತ ನಾನು ಅಂದುಕೊಂಡಿದ್ದೆ. ಅಪ್ಪನನ್ನು ಇಷ್ಟು ವರ್ಷ ನೋಡಿಯೂ ನನಗೆ ಬುದ್ಧಿ ಬಂದಿರಲಿಲ್ಲ.

"ಸೊಸೆ ಅಂತ ಸಹಿ ಹಾಕಲ್ಲ. ಕೆಲ್ಸ ಬಂದ್ರೆ ಹಾಕ್ತೀನಿ" ಅಂದರು ಅಪ್ಪ. ಮೊದಲ ಎರಡು ತಿಂಗಳು ಏಣಿ ಹಿಡಿಸಿದರು. ಕಾಲೇಜಿಗೆ ಹೋಗುವ ಮಗಳಿರುವ ಹೆಂಗಸು, ಕಂಡವರ ಮನೆಯಲ್ಲಿ ಏಣಿಯ ಬುಡ ತಬ್ಬಿಕೊಂಡು ನಿಂತಿರುವುದನ್ನು ನೋಡಿ ನನಗೆ ಸಂಕಟ. ಅತ್ತಿಗೆಗೆ ಸಂಕಟವಿಲ್ಲ, ಪ್ರಶ್ನೆಗಳಿದ್ದವು. "ಮಾವ, ಏಣಿ ಗೋಡೆಗೆ ಗಟ್ಟಿಯಾಗಿ ಒರಗಿದೆಯಲ್ಲ, ನಾನ್ಯಾಕೆ?" ಅಪ್ಪ ಮೇಲಿನಿಂದಲೇ ಅಂದರು, "ನೀನು ಏಣಿ ನೋಡ್ಬೇಡ. ನನ್ನ ಕೈ ನೋಡು." ಅಲ್ಲಿಂದ ಅತ್ತಿಗೆ ಒಂದು ಕೈಯಲ್ಲಿ ಏಣಿ, ಇನ್ನೊಂದು ಕೈಯಲ್ಲಿ ನೋಟ್‌ಬುಕ್ಕು ಹಿಡಿದು ನಿಲ್ಲತೊಡಗಿದರು. ಆ ನೋಟ್‌ಬುಕ್ಕು ಕಂಡರೆ ಅಪ್ಪನಿಗೆ ಆಗುತ್ತಿರಲಿಲ್ಲ. ಬರೆದಿಟ್ಟರೆ ಕೈಗೆ ಬರುವುದಿಲ್ಲ ಅನ್ನುತ್ತಿದ್ದರು.

ನಾಲ್ಕನೆಯ ತಿಂಗಳಲ್ಲಿ ಅಪ್ಪನಿಗೆ ಹಬ್ಬವಾಯಿತು. ಒಂದು ಹಳೆಯ ಮನೆಯಲ್ಲಿ ಬೋರ್ಡು ಬಿಚ್ಚಿ, "ಇದು ಕಪ್ಪು ವೈರು, ನ್ಯೂಟ್ರಲ್, ಇದರಲ್ಲಿ ಕರೆಂಟ್ ಇರಲ್ಲ" ಅಂದು ಅತ್ತಿಗೆ ಕೈ ಚಾಚಿದರು. ಅಪ್ಪ ಅವರ ಕೈಯನ್ನು ಪಟ್ಟನೆ ತಳ್ಳಿ, ಹೋಲ್ಡರಿಗೆ ಎರಡು ತುಂಡು ವೈರು ಕಟ್ಟಿದ ತಮ್ಮ ಪರೀಕ್ಷೆಯ ಬಲ್ಬನ್ನು ಇಟ್ಟರು. ಬಲ್ಬು ಝಗ್ಗನೆ ಹೊತ್ತಿತು. ಆ ಮನೆಗೆ ಹಿಂದೆ ಕೆಲಸ ಮಾಡಿದವನ್ಯಾರೋ ಕೈಗೆ ಸಿಕ್ಕ ಬಣ್ಣದ ವೈರು ಎಳೆದು ಹೋಗಿದ್ದ. "ಅವನು ನಿನ್ನ ಪುಸ್ತಕ ಓದಿರ್ಲಿಲ್ಲ ನೋಡು" ಅಂದರು ಅಪ್ಪ. ಅತ್ತಿಗೆಯ ಮುಖ ಬಿಳಿಚಿಕೊಂಡಿತ್ತು. ಇದನ್ನು ಅಪ್ಪ ಬೀದಿಯಲ್ಲಿ ಒಂದು ವಾರ ಹೇಳಿಕೊಂಡು ತಿರುಗಿದರು. ಅತ್ತಿಗೆ ಮಾತ್ರ ಆ ದಿನದಿಂದ ಬಲ್ಬು ಇಟ್ಟು ನೋಡದೆ ಒಂದು ವೈರನ್ನೂ ಮುಟ್ಟಲಿಲ್ಲ.

ಅಪ್ಪನ ಇನ್ನೊಂದು ರೂಢಿ ಫ್ಯೂಸು ಜೇಬಿಗೆ ಹಾಕಿಕೊಳ್ಳುವುದು. ಹಳೆಯ ಬೋರ್ಡುಗಳಲ್ಲಿ ಪಿಂಗಾಣಿಯ ಫ್ಯೂಸಿರುತ್ತಿತ್ತು. ಅದನ್ನು ಕಿತ್ತು ಅಂಗಿಯ ಜೇಬಿನಲ್ಲಿಟ್ಟುಕೊಂಡರೆ ಮುಗಿಯಿತು, ಬ್ರಹ್ಮ ಬಂದರೂ ಕರೆಂಟ್ ಹಾಕಲಾಗದು. ಈಗಿನ ಬೋರ್ಡುಗಳಲ್ಲಿ ಕೀಳಲು ಏನಿದೆ? ಒಂದು ಲಿವರ್ ಕೆಳಗೆ ತಳ್ಳಿದರೆ ಆಫ್, ಯಾರಾದರೂ ಮೇಲೆತ್ತಿದರೆ ಆನ್. ಅದಕ್ಕೆ ಅಪ್ಪ ಕೂಗುವುದನ್ನು ರೂಢಿಸಿಕೊಂಡಿದ್ದರು. "ಮೇನ್ ತೆಗೆದಿದ್ದೀನಿ, ಯಾರೂ ಹಾಕ್ಬೇಡಿ!" ಅನ್ನುವ ಕೂಗು ಎರಡು ಬೀದಿಯಾಚೆಗೆ ಕೇಳಿಸುತ್ತಿತ್ತು. ಅತ್ತಿಗೆ ಇದಕ್ಕೆ ಮೂಗು ಮುರಿದರು. ಕೋರ್ಸಿನಲ್ಲಿ ಅವರಿಗೆ ಒಂದು ಕೆಂಪು ಬೀಗ ಕೊಟ್ಟಿದ್ದರು. ಲಿವರಿಗೆ ಕ್ಲಿಪ್ಪು ತೊಡಿಸಿ, ಬೀಗ ಜಡಿದು, ಬೀಗದ ಕೈಯನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡೇ ಕೆಲಸ ಶುರು ಮಾಡುತ್ತಿದ್ದರು. "ಕರೆಂಟೇನು ಕಳ್ಳನಾ, ಬೀಗ ಹಾಕೋಕೆ?" ಅಂತ ಅಪ್ಪ ಸಿಕ್ಕಸಿಕ್ಕವರ ಎದುರು ನಗುತ್ತಿದ್ದರು. ಅತ್ತಿಗೆಯೂ ನಕ್ಕು ಬೀಗ ಹಾಕುತ್ತಿದ್ದರು.

ಹೀಗೆ ಹನ್ನೊಂದು ತಿಂಗಳಾಯಿತು. ಆಗ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರ ಎರಡಂತಸ್ತಿನ ಹಳೆಯ ಮನೆಗೆ ಹೊಸ ವೈರಿಂಗ್ ಮಾಡುವ ಕೆಲಸ ಬಂತು. ಅಪ್ಪನ ಒಂದು ಕಣ್ಣಿಗೆ ಪೊರೆ ಬಂದಿತ್ತು, ಇನ್ನೊಂದಕ್ಕೆ ಬರುತ್ತಿತ್ತು. ಹೀಗಾಗಿ ಮುಕ್ಕಾಲು ಕೆಲಸ ಅತ್ತಿಗೆಯದೇ. ದೀಪ, ಫ್ಯಾನು, ಪ್ಲಗ್ಗು ಎಲ್ಲ ಸೇರಿ ಎಪ್ಪತ್ತೆರಡು ಜಾಗ. ಕೆಲಸ ಮುಗಿಯುತ್ತ ಬಂತು, ಫಾರಂ ಕೊಡುವ ಕೊನೆಯ ದಿನವೂ ಹತ್ತಿರ ಬಂತು. ಆ ವಾರದ ಶುಕ್ರವಾರ. ಸಹಿಯ ಮಾತೆತ್ತಿದರೆ ಅಪ್ಪ "ನೋಡೋಣ" ಅನ್ನುತ್ತಿದ್ದರು. ನಮ್ಮಪ್ಪನ 'ನೋಡೋಣ' ಮಗುವಾದರೆ ಅವರ 'ನಾಳೆ' ಅದರ ತಾಯಿ. ನಾನು ಒಳಗೊಳಗೇ ಕುದಿಯುತ್ತಿದ್ದೆ.

ಮಂಗಳವಾರ ಮಧ್ಯಾಹ್ನ ಒಂದು ಕಾಯಿಲ್ ವೈರು ತಲುಪಿಸಲು ನಾನೇ ಆ ಮನೆಗೆ ಹೋದೆ. ಮುಂದಿನ ಬಾಗಿಲು ತೆರೆದಿತ್ತು. ಅಪ್ಪ ನಡುಮನೆಯಲ್ಲಿ ಏಣಿಯ ತುದಿಯಲ್ಲಿ, ಚಾವಣಿಯ ಡಬ್ಬಿಯೊಳಗೆ ಎರಡೂ ಕೈ ಹಾಕಿ, ಸಿಪ್ಪೆ ಸುಲಿದ ತಾಮ್ರದ ತುದಿಗಳನ್ನು ಹೊಸೆಯುತ್ತಿದ್ದರು. ಅತ್ತಿಗೆ ಕೆಳಗೆ ಏಣಿ ಹಿಡಿದಿದ್ದರು. ಹೆಡ್‌ಮಿಸ್ಟ್ರೆಸ್ ಒಳಕೋಣೆಯಲ್ಲಿ ಕುರ್ಚಿಯ ಮೇಲಿದ್ದರು. ನನ್ನ ಕಾಲ ಸಂದಿಯಲ್ಲೇ ಒಂದು ಬೆಕ್ಕು ನುಸುಳಿ ಒಳಗೆ ಹೋಯಿತು.

ನಮ್ಮ ಮಾತಿನಲ್ಲಿ ಒಂದು ತಮಾಷೆ ಇದೆ. ಬಾಗಿಲು ಹಾಕು ಅಂದರೆ ಮುಚ್ಚು, ದೀಪ ಹಾಕು ಅಂದರೆ ಹಚ್ಚು. ನಲ್ಲಿ ತೆಗೆದರೆ ನೀರು ಬರುತ್ತದೆ, ಮೇನ್ ತೆಗೆದರೆ ಕರೆಂಟ್ ಹೋಗುತ್ತದೆ. ಹುಟ್ಟಿದಾಗಿನಿಂದ ಕೇಳಿಕೊಂಡು ಬೆಳೆದವರಿಗೆ ಇದರಲ್ಲಿ ಗೊಂದಲವೇ ಇಲ್ಲ ಅಂತ ನಾನೂ ತಿಳಿದಿದ್ದೆ. ಆ ಮನೆಗೆ ಮೂರು ಬಾಗಿಲು. ಮುಂದಿನದನ್ನು ಹೆಡ್‌ಮಿಸ್ಟ್ರೆಸ್ ಮೊದಲಿನಿಂದಲೂ 'ಮೇನ್' ಅನ್ನುತ್ತಿದ್ದರು. ಬೆಕ್ಕನ್ನು ಕಂಡವರೇ ಶಾಲೆಯ ಮೈದಾನಕ್ಕೆ ಕೇಳುವಂಥ ದನಿಯಲ್ಲಿ ತಮ್ಮ ಮಗಳಿಗೆ ಕೂಗಿ ಹೇಳಿದರು, "ಲೇ, ಬೇಗ ಹೋಗಿ ಮೇನ್ ಹಾಕೇ!"

ಮಗಳು ಪಾಪ, ಒಂದು ತಿಂಗಳಿಂದ ನಮ್ಮ ಅಪ್ಪನ ಬಾಯಲ್ಲಿ ಮೇನ್ ಮೇನ್ ಅಂತ ಕೇಳಿ ಕೇಳಿ ಅವಳ ತಲೆಯಲ್ಲಿ ಆ ಮಾತಿಗೆ ಬೇರೆ ಅರ್ಥವೇ ಉಳಿದಿರಲಿಲ್ಲ. ಅಡುಗೆಮನೆಯಿಂದ ಓಡಿ ಬಂದವಳು ನೇರ ಮೆಟ್ಟಿಲ ಕೆಳಗಿನ ಬೋರ್ಡಿಗೆ ಹೋದಳು. ಲಿವರಿಗೆ ಕೈ ಹಾಕಿ ಮೇಲಕ್ಕೆತ್ತಿದ ಖಟಖಟ ಸದ್ದು ನಮ್ಮ ಮೂವರಿಗೂ ಕೇಳಿಸಿತು. ಒಂದು ಸಲ, ಎರಡು ಸಲ, ಮೂರು ಸಲ. ನನ್ನ ಕೈಯಿಂದ ವೈರಿನ ಕಾಯಿಲ್ ಜಾರಿ ಬಿತ್ತು.

"ಅಮ್ಮಾ, ಮೇನಿಗೆ ಬೀಗ ಹಾಕಿದೆ" ಅಂತ ಮಗಳು ಕೂಗಿದಳು.

"ಬೀಗ ಹಾಕಿದ್ರೆ ಬೆಕ್ಕು ಹೇಗೆ ಬಂತೇ?" ಅಂದರು ಹೆಡ್‌ಮಿಸ್ಟ್ರೆಸ್.

ಈಗ ಹೇಳಿಕೊಂಡು ನಗುತ್ತೇವೆ. ಆಗ ಯಾರಿಗೂ ನಗು ಬರಲಿಲ್ಲ. ಅಪ್ಪ ಡಬ್ಬಿಯಿಂದ ಕೈ ತೆಗೆದು, ಆ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿ, ಒಂದೊಂದೇ ಮೆಟ್ಟಿಲು ಇಳಿದು ಕೊನೆಯ ಮೆಟ್ಟಿಲ ಮೇಲೆ ಕೂತರು. ನೀರು ಕೇಳಿದರು. ಕುಡಿದು ಲೋಟ ನನ್ನ ಕೈಗೆ ಕೊಟ್ಟು ಅತ್ತಿಗೆಯ ಕಡೆ ತಿರುಗಿದರು.

"ಆ ಫಾರಂ ತಂದಿದ್ದೀಯೇನಮ್ಮ?"

ಅತ್ತಿಗೆಯನ್ನು 'ಅಮ್ಮ' ಅಂದರು. ಮೂರ್ ತಿಂಗ್ಳು ಅನ್ನಲಿಲ್ಲ. ಫಾರಂ ಅತ್ತಿಗೆಯ ನೋಟ್‌ಬುಕ್ಕಿನೊಳಗೇ ಇತ್ತು, ನನಗೆ ಗೊತ್ತಿತ್ತು. ನಾನು ಅಂಗಡಿಯ ಪೆನ್ನು ಹುಡುಕತೊಡಗಿದೆ.

"ತಂದಿದ್ದೀನಿ ಮಾವ. ಆದ್ರೆ ಇವತ್ತು ಬೇಡ" ಅಂದರು ಅತ್ತಿಗೆ.

"ಯಾಕೆ?"

"ಇವತ್ತು ಸಹಿ ಹಾಕಿದ್ರೆ ಬೀಗಕ್ಕೆ ಹಾಕ್ದಂಗಾಗುತ್ತೆ. ಬೀಗ ಯಾರು ಬೇಕಾದ್ರೂ ಕೊಂಡ್ಕೋಬಹುದು. ನೀವು ನನ್ನ ಕೆಲ್ಸ ನೋಡಿ ಹಾಕಿ. ಇಲ್ಲಾಂದ್ರೆ ಬೇಡ."

ಅಷ್ಟು ಹೇಳಿ ಬಲ್ಬು ತೆಗೆದುಕೊಂಡು ತಾವೇ ಏಣಿ ಹತ್ತಿ, ವೈರುಗಳಿಗೆ ಇಟ್ಟು ನೋಡಿ, ಅಪ್ಪ ಅರ್ಧಕ್ಕೆ ಬಿಟ್ಟ ಜೋಡಣೆಯನ್ನು ಮುಗಿಸಿದರು. ನನಗೆ ಮೈಯೆಲ್ಲ ಉರಿಯಿತು. ವರ್ಷವಿಡೀ ಕಾದ ಸಹಿ ತಾನಾಗಿ ಕಾಲಬಳಿ ಬಂದರೆ ಒದೆಯುವವರು ಉಂಟೇ? ಮನೆಗೆ ಹೋಗುವ ದಾರಿಯುದ್ದಕ್ಕೂ ಬೈದೆ. "ಅತ್ತಿಗೆ, ಇದು ಸ್ವಾಭಿಮಾನ ಅಲ್ಲ, ಕೊಬ್ಬು" ಅಂತಲೂ ಅಂದೆ. "ಇರಬಹುದು" ಅಂದರು ಅವರು. ರಾತ್ರಿ ಊಟದ ಹೊತ್ತಿಗೆ ಅವರು ತಟ್ಟೆಯಲ್ಲಿ ಹಾಕಿಕೊಂಡಿದ್ದನ್ನು ಪೂರ್ತಿ ತಿನ್ನಲಿಲ್ಲ. ಧೈರ್ಯ ಮಾಡಿ ಆಡಿದ ಮಾತಿನ ಭಯ ಅವರಿಗೂ ಆಗ ಶುರುವಾಗಿತ್ತು.

ಬುಧವಾರ ಹಾಗೇ ಕಳೆಯಿತು. ಗುರುವಾರ ಬೆಳಿಗ್ಗೆ ಅಪ್ಪ ಅಂಗಡಿಯ ಬಾಗಿಲಲ್ಲಿ ನಿಂತು, "ಅಂಗಡಿ ಮುಚ್ಚು, ಟಾರ್ಚ್ ತಗೊಂಡು ಬಾ" ಅಂದರು.

ಆ ದಿನ ಹೆಡ್‌ಮಿಸ್ಟ್ರೆಸ್ ಮನೆಯಲ್ಲಿ ಅವರು ಎಪ್ಪತ್ತೆರಡು ಜಾಗವನ್ನೂ ಒಂದೊಂದಾಗಿ ಬಿಚ್ಚಿಸಿದರು. ನಾನು ಟಾರ್ಚ್ ಹಿಡಿಯಬೇಕು, ಅವರು ಮೂಗು ತಾಗುವಷ್ಟು ಹತ್ತಿರ ಮುಖವಿಟ್ಟು ನೋಡಬೇಕು, ವೈರು ಎಳೆದು ಜಗ್ಗಬೇಕು, ಬಲ್ಬು ಇಟ್ಟು ನೋಡಬೇಕು. ಮೇನಿನ ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡು ಅತ್ತಿಗೆ ಕೈ ಕಟ್ಟಿಕೊಂಡು ಹಿಂದೆ ಹಿಂದೆ. ಹೆಡ್‌ಮಿಸ್ಟ್ರೆಸ್ ಕೋಲೂರಿಕೊಂಡು ಅವರ ಹಿಂದೆ, ಉತ್ತರ ಪತ್ರಿಕೆ ತಿದ್ದುವುದನ್ನು ನೋಡುವ ಗಾಂಭೀರ್ಯದಲ್ಲಿ. ಹತ್ತು ಆಯಿತು, ಮೂವತ್ತು ಆಯಿತು, ತಪ್ಪಿಲ್ಲ. ತಪ್ಪು ಸಿಗದಿದ್ದಷ್ಟೂ ಅಪ್ಪನ ಮುಖ ಊದಿಕೊಳ್ಳುತ್ತಿತ್ತು. ಒಂದು ಕಡೆ ವೈರು ಎರಡು ಬೆರಳು ಉದ್ದ ಹೆಚ್ಚಾಯಿತು ಅಂದರು. ಇನ್ನೊಂದು ಕಡೆ ಕಮ್ಮಿಯಾಯಿತು ಅಂದರು. ಹೆಡ್‌ಮಿಸ್ಟ್ರೆಸ್, "ಮೇಸ್ತ್ರಿಗಳೇ, ಅಂಕ ಕೊಡೋಕೆ ಇಷ್ಟ ಇಲ್ದಿದ್ರೆ ಹೇಳ್ಬಿಡಿ" ಅಂದರು. ಅಪ್ಪ ದುರುಗುಟ್ಟಿ ನೋಡಿದರು.

ಕೊನೆಗೆ ಮಹಡಿಯಲ್ಲಿ ಕಪಾಟಿನ ಹಿಂದೆ ಒಂದು ಡಬ್ಬಿ ಉಳಿದಿತ್ತು. ಕಪಾಟು ಸರಿಸಿದರೂ ಟಾರ್ಚ್ ಬೆಳಕು ಅಲ್ಲಿಗೆ ನೆಟ್ಟಗೆ ಬೀಳುತ್ತಿರಲಿಲ್ಲ. ಅಪ್ಪ ಕಣ್ಣು ಮುಚ್ಚಿ ತೋರುಬೆರಳನ್ನು ಒಳಗೆ ಹಾಕಿ ಸ್ಕ್ರೂಗಳ ತಲೆಯ ಮೇಲೆ ಆಡಿಸಿದರು. ಬೆರಳು ನಿಂತಿತು. ಪಕ್ಕದ ಸ್ಕ್ರೂಗೆ ಹೋಯಿತು, ಅಲ್ಲೂ ನಿಂತಿತು. ಎದ್ದು, ಆಗಲೇ ನೋಡಿ ಮುಗಿಸಿದ್ದ ಪಕ್ಕದ ಕೋಣೆಯ ಡಬ್ಬಿಗೆ ಹೋದರು, ಅಲ್ಲೂ ಬೆರಳಾಡಿಸಿದರು. ಅಲ್ಲಿಂದ ಇನ್ನೊಂದಕ್ಕೆ. ನಾನು ಟಾರ್ಚ್ ಬೆಳಕು ಬಿಟ್ಟು ಇಣುಕಿದೆ. ಒಂದೊಂದು ಸ್ಕ್ರೂವಿನ ತಲೆಯ ಮೇಲಿನ ಗೆರೆಯೂ ನೆಟ್ಟಗೆ ಮೇಲೆ ಕೆಳಗೆ ನಿಂತಿತ್ತು. ಓರೆಯಾದದ್ದು ಒಂದೂ ಇಲ್ಲ. ಮುಚ್ಚಳ ಹಾಕಿದ ಮೇಲೆ ಯಾರೂ ನೋಡದ ಜಾಗದಲ್ಲಿ ಕೂಡ.

"ಇದನ್ನ ಯಾರು ಹೇಳಿಕೊಟ್ರು ನಿಂಗೆ?" ಅಪ್ಪನ ದನಿ ಸಣ್ಣದಾಗಿತ್ತು. "ನಾನು ಹೇಳಿಲ್ಲ."

"ಯಾರೂ ಹೇಳಿಲ್ಲ ಮಾವ. ನೀವು ಮಾಡಿದ ಹಳೇ ಬೋರ್ಡುಗಳನ್ನ ಬಿಚ್ಚಿದಾಗೆಲ್ಲ ಹೀಗೇ ಇರ್ತಿತ್ತು."

"ಕೋರ್ಸಲ್ಲಿ?"

"ಕೇಳ್ದೆ. ಹೇಗಿದ್ರೂ ನಡೆಯುತ್ತೆ ಅಂದ್ರು."

"ಮತ್ಯಾಕೆ ಹಾಕ್ದೆ?"

"ನೀವು ಹಾಕ್ತೀರಲ್ಲ. ಏನೋ ಕಾರಣ ಇರುತ್ತೆ ಅಂದ್ಕೊಂಡೆ. ಏನು ಮಾವ ಕಾರಣ?"

ಅಪ್ಪ ತಲೆ ಸವರಿಕೊಂಡರು. "ನಂಗೂ ಗೊತ್ತಿಲ್ಲ" ಅಂದರು. "ದೊಡ್ಡ ಮೇಸ್ತ್ರಿ ಹಾಗೇ ಹಾಕ್ತಿದ್ರು. ಕೇಳಿದ್ರೆ ಮೊಟಕ್ತಿದ್ರು." ಆಮೇಲೆ ಅಲ್ಲೇ ನೆಲದ ಮೇಲೆ ಕೂತು ನಗತೊಡಗಿದರು. ಅತ್ತಿಗೆಯೂ ನಕ್ಕರು, ಹೆಡ್‌ಮಿಸ್ಟ್ರೆಸ್ಸೂ ನಕ್ಕರು. ನಗುತ್ತಲೇ ಅಪ್ಪ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡದ್ದು ನನಗೆ ಕಾಣಿಸಿತು. ಪೊರೆಯ ಕಣ್ಣು, ನೀರು ಬರುತ್ತದೆ ಅಂದರು.

ಹೆಡ್‌ಮಿಸ್ಟ್ರೆಸ್ಸರ ಊಟದ ಮೇಜಿನ ಮೇಲೆ ಫಾರಂ ಬಿಡಿಸಿದೆವು. ಅಪ್ಪನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಆದ್ದರಿಂದ ಓದಿ ತುಂಬಿಸುವ ಕೆಲಸ ನನ್ನದು. ಹೆಸರು, ವಿಳಾಸ, ಪರವಾನಗಿ ಸಂಖ್ಯೆ. "ಅಕ್ಷರ ದುಂಡಗಿರ್ಲಿ" ಅಂದರು ಹೆಡ್‌ಮಿಸ್ಟ್ರೆಸ್, ಹೆಗಲ ಮೇಲಿನಿಂದ ಬಗ್ಗಿ. 'ಮೇಲ್ವಿಚಾರಕರಿಗೂ ಅಭ್ಯರ್ಥಿಗೂ ಇರುವ ಸಂಬಂಧ' ಅಂತ ಒಂದು ಸಾಲಿತ್ತು. ಅದನ್ನು ಜೋರಾಗಿ ಓದಿ, ಯೋಚಿಸದೆ ಬರೆದುಬಿಟ್ಟೆ.

"ಏನು ಬರ್ದೆ?" ಅಂದರು ಅಪ್ಪ.

"ಸೊಸೆ ಅಂತ."

"ಹೊಡೆದುಹಾಕು. ಅದು ಮನೆಗೆ. ಇಲ್ಲಿ ಶಿಷ್ಯೆ ಅಂತ ಬರಿ."

ಅತ್ತಿಗೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು. ಅಣ್ಣ ಶಾಕ್ ಹೊಡೆಸಿಕೊಂಡು ಕೈಬಿಟ್ಟ ಮೇಲೆ ನಾನೂ ಬರುತ್ತೇನೆ ಅಂತ ಅಪ್ಪನ ಹಿಂದೆ ಬಿದ್ದವಳು ನಾನು. "ನಿಂಗ್ಯಾಕಮ್ಮ ಇದೆಲ್ಲ, ಅಂಗಡೀಲಿ ಕೂತ್ಕೋ" ಅಂದಿದ್ದರು. ಕೂತೆ. ಇಪ್ಪತ್ತೆಂಟು ವರ್ಷ ಕೂತಿದ್ದೇನೆ. ಅದನ್ನು ಅವರು ಮರೆತಿರಬಹುದು, ನಾನು ಮರೆತಿರಲಿಲ್ಲ ಅನ್ನುವುದು ಆ ಮೇಜಿನ ಎದುರು ಗೊತ್ತಾಯಿತು. ಆದರೂ ಸೊಸೆ ಅನ್ನುವುದರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಶಿಷ್ಯೆ ಅಂತ ದುಂಡಗೆ ಬರೆದೆ. ಅಪ್ಪ ಕಾಗದಕ್ಕೆ ಮೂಗು ತಾಗಿಸಿ, ಗೆರೆ ಎಲ್ಲಿದೆ ಅಂತ ನನ್ನ ಬೆರಳಿಂದ ತೋರಿಸಿಕೊಂಡು, ನಿಧಾನವಾಗಿ ಸಹಿ ಹಾಕಿದರು.

ವಾಪಸು ಬರುವಾಗ ಅತ್ತಿಗೆ ಫಾರಮ್ಮನ್ನು ಎದೆಗೆ ಅವಚಿಕೊಂಡು ಮುಂದೆ ಮುಂದೆ ನಡೆದರು. ನಾನು ಹೆಜ್ಜೆ ಸೇರಿಸಿ ಪಕ್ಕಕ್ಕೆ ಹೋದೆ.

"ಅತ್ತಿಗೆ, ಪರವಾನಗಿ ಬಂದ್ಮೇಲೆ ನಿಮ್ಗೆ ಏಣಿ ಹಿಡಿಯೋಕೆ ಜನ ಬೇಕಾಗುತ್ತಲ್ಲ?"

ಅವರು ನಿಂತು ನನ್ನ ಮುಖ ನೋಡಿದರು. ನಾನು ತಮಾಷೆ ಮಾಡುತ್ತಿಲ್ಲ ಅಂತ ಅವರಿಗೆ ತಿಳಿಯಿತು.

"ಬೇಕಾಗುತ್ತೆ" ಅಂದರು. "ಎರಡು ತಿಂಗಳು ಬರೀ ಏಣಿ. ನನ್ನ ಕೈ ನೋಡ್ತಿರ್ಬೇಕು."